ಹೊತ್ತು ಮುಳುಗುವಾಗ ಕೂಗುವ ಗಿಳಿ

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನಾನು ಚಿಕ್ಕೋಡಿ ಕೋರ್ಟಿನಲ್ಲಿ ವಕೀಲಿಕೆ ಮಾಡಿ ತಲೆ ನರೆತವನು. ಜಗಳವೇ ಇಲ್ಲದಿದ್ದರೆ ನನ್ನ ಮನೆಯ ಒಲೆ ಉರಿಯುವುದು ಹೇಗೆ? ಹಾಗಾಗಿ ಗಾದೆಯ ಎರಡನೆಯ ಭಾಗವನ್ನು ನಾನು ಎಂದೂ ಮನಸ್ಸಿಗೆ ಹಚ್ಚಿಕೊಂಡಿಲ್ಲ. ಮೊದಲನೆಯ ಭಾಗವನ್ನು ನಮ್ಮ ಅವ್ವ ನೋಡಿಕೊಳ್ಳುತ್ತಾಳೆ. ಈಗ ಮುಷ್ಟಿಯಷ್ಟು ದೊಡ್ಡ ಗಿಳಿಮರಿಯೊಂದು ಮನೆಗೆ ಬಂದು, ಈ ವಕೀಲನಿಗೆ ಮಾತೂ ಗೊತ್ತಿಲ್ಲ, ಊಟವೂ ಗೊತ್ತಿಲ್ಲ ಎಂದು ಸಾಕ್ಷಿ ಸಮೇತ ಸಿದ್ಧ ಮಾಡಿಬಿಟ್ಟಿದೆ.

ನನಗೊಬ್ಬಳೇ ಮಗಳು, ಪದ್ಮಾ. ಈ ಬೇಸಿಗೆಯಲ್ಲಿ ಅವಳನ್ನು ಕೊಲ್ಹಾಪುರಕ್ಕೆ ಕೊಟ್ಟೆವು. ಕೊಲ್ಹಾಪುರವೇನು ದೂರವಲ್ಲ. ನಡುವೆ ನಿಪ್ಪಾಣಿ, ಒಂದು ಹೊಳೆ, ಒಂದು ರಾಜ್ಯದ ಗಡಿ, ಅಷ್ಟೇ. ಆದರೆ ಮಗಳ ಮನೆಗೆ ಮೇಲಿಂದ ಮೇಲೆ ಹೋಗಲು ಬರುತ್ತದೆಯೇ? ಬೀಗರು ಏನೆಂದಾರು? ಅದಕ್ಕೇ ಫೋನು ಮಾಡುತ್ತೇನೆ. ಫೋನಿಗಾದರೂ ಒಂದು ಕಾರಣ ಬೇಕಲ್ಲ? “ಅಲ್ಲಿ ಮಳಿ ಬಂತೇನವಾ?” ಎಂದು ಕೇಳುತ್ತೇನೆ. ಮತ್ತೆ ಸ್ವಲ್ಪ ಹೊತ್ತಿಗೆ, “ಕರೆಂಟ್ ಐತೇನ?” ಎನ್ನುತ್ತೇನೆ. ಕೊಲ್ಹಾಪುರದ ಮಳೆ ಬಿಸಿಲಿನ ಬಗ್ಗೆ ನನ್ನಷ್ಟು ತಿಳಿದ ವಕೀಲ ಕರ್ನಾಟಕದಲ್ಲಿ ಇನ್ನೊಬ್ಬನಿರಲಾರ. ನಿಜ ಹೇಳಬೇಕೆಂದರೆ ನನಗೆ ಮಳೆಯ ಸುದ್ದಿ ಬೇಡ. ನಾನು ಕೋರ್ಟಿನಿಂದ ಬಂದು ಕೋಟು ತೆಗೆಯುವಷ್ಟರಲ್ಲಿ ಎದುರು ಕುಳಿತು ಊರ ಸುದ್ದಿಯನ್ನೆಲ್ಲ ಹರಟುತ್ತಿದ್ದ ಆ ಹುಡುಗಿ ಬೇಕು. ಅದನ್ನು ಬಾಯಿಬಿಟ್ಟು ಕೇಳಲು ಮಾತ್ರ ನನಗೆ ಬರುವುದಿಲ್ಲ.

ಹೋದ ಸಲ ಬಂದಾಗ ಅವಳೇ ಈ ಮರಿಯನ್ನು ತಂದಳು. “ಮನ್ಯಾಗ ಗದ್ದಲಾನ ಇಲ್ಲ ಅಂತಿದ್ದೆಲ್ಲಪ್ಪಾ, ತಗೋ” ಎಂದು ಪಂಜರವನ್ನು ಪಡಸಾಲೆಯಲ್ಲಿಟ್ಟಳು. ಮೊದಲು ಅಂಜಿದೆ. ನಮ್ಮ ಹಸಿರು ಗಿಳಿಯನ್ನು ಸಾಕುವುದು ಕಾನೂನಿಗೆ ವಿರುದ್ಧ. ವಕೀಲನೇ ಆರೋಪಿಯಾದರೆ ಬಾರ್ ರೂಮಿನಲ್ಲಿ ತಲೆ ಎತ್ತುವಂತಿಲ್ಲ. ಇದು ಪರದೇಶದ ಕಾಕಟೀಲ್ ಜಾತಿಯದು, ಸಾಕಬಹುದು ಎಂದು ಪದ್ಮಾ ಕಾಗದ ತೋರಿಸಿದ ಮೇಲೆಯೇ ನಾನು ಗಿಳಿಯ ಮುಖ ನೋಡಿದ್ದು. ಬೂದು ಮೈ, ಹಳದಿ ಜುಟ್ಟು, ಕೆನ್ನೆಗೆ ಕೇಸರಿ ಬೊಟ್ಟು. ಪಿಂಟ್ಯಾ ಎಂದು ಹೆಸರಿಟ್ಟೆವು. ಕೊಲ್ಹಾಪುರದ ಹಕ್ಕಿಗೆ ಕನ್ನಡ ಹೇಗೆ ತಿಳಿದೀತು ಎಂದು ಅವ್ವ ಅದರೊಡನೆ ಮರಾಠಿಯಲ್ಲಿ ಮಾತಾಡತೊಡಗಿದಳು. “ಕಾಯ್ ರೇ ಬಾಳಾ, ಜೇವಲಾಸ್ ಕಾ?” ಎಂದು ಅವಳು ಕೇಳಿದಷ್ಟು ಪ್ರೀತಿಯಿಂದ ನನ್ನನ್ನು ಯಾರೂ ಊಟ ಆಯಿತೇ ಎಂದು ಕೇಳಿಲ್ಲ.

ಪಿಂಟ್ಯಾನ ನಡತೆ ಒಂದೂ ನನಗೆ ತಿಳಿಯಲಿಲ್ಲ. ನಾನು ಹತ್ತಿರ ಹೋದರೆ ಜುಟ್ಟು ನೆಟ್ಟಗೆ ನಿಲ್ಲುತ್ತಿತ್ತು. ವಕೀಲರೆಂದು ಗೌರವ ಕೊಡುತ್ತಿದೆ ಎಂದುಕೊಂಡೆ, ಅದು ಹೆದರಿತ್ತು. ಸಂಜೆ ಕಣ್ಣು ಮುಚ್ಚಿ ಕೊಕ್ಕಿಗೆ ಕೊಕ್ಕು ಉಜ್ಜಿ ಕರಕರ ಎನ್ನಿಸುತ್ತಿತ್ತು. ನನ್ನ ಮೇಲೆ ಹಲ್ಲು ಕಡಿಯುತ್ತಿದೆ ಎಂದು ನೊಂದುಕೊಂಡೆ. ಅದು ಹೊಟ್ಟೆ ತುಂಬಿ ಸುಖವಾಗಿ ನಿದ್ದೆಗೆ ಜಾರುತ್ತಿತ್ತು. ಇವನ್ನೆಲ್ಲ ಪದ್ಮಾ ಫೋನಿನಲ್ಲಿ ಬಿಡಿಸಿ ಹೇಳಿದಳು. ಫೋನು ಮಾಡಲು ಹೊಸ ಕಾರಣ ಸಿಕ್ಕಿತೆಂದು ನಾನೂ ಬೇಕೆಂದೇ ಹೆಚ್ಚು ತಪ್ಪು ತಿಳಿಯತೊಡಗಿದೆ.

ಆದರೆ ನಿಜವಾದ ತಕರಾರು ಸಂಜೆಯದು. ನಮ್ಮದು ಜೈನರ ಮನೆ; ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ಸಂಜೆ ಅವ್ವ, ಹೆಂಡತಿ, ನಾನು ಮೂವರೂ ಒಳಗೆ ಊಟಕ್ಕೆ ಹೊರಡುವುದೇ ತಡ, ಪಿಂಟ್ಯಾ ಪಡಸಾಲೆಯಲ್ಲಿ ಓಣಿಗೆಲ್ಲ ಕೇಳುವಂತೆ ಕಿರುಚುತ್ತಿತ್ತು. ಅವ್ವನಿಗೆ ಆನಂದವೋ ಆನಂದ. “ಹೊತ್ತ ಮುಳಗಾಕತ್ತೈತಿ, ಲಗೂ ಉಣ್ರಿ ಅಂತ ಹೇಳಾಕತ್ತೈತಿ ನೋಡ ಪಾಪ! ಹೋದ ಜನ್ಮದಾಗ ನಮ್ಮಂಗ ಜೈನ ಶ್ರಾವಕ ಇದ್ದಿರಬೇಕ ಇದು. ತಾಟ ಹಚ್ಚರಿ!” ಎನ್ನುವಳು. ಅಂದಿನಿಂದ ಗೋಡೆಯ ಗಡಿಯಾರಕ್ಕೆ ನಮ್ಮ ಮನೆಯಲ್ಲಿ ಬೆಲೆ ಉಳಿಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಮೋಡ ಕವಿಯಿತು. ಒಣಗಿದ ಬಟ್ಟೆ ತೆಗೆಯಲು ಮೂವರೂ ಹಿತ್ತಲಿಗೆ ಓಡಿದೆವು. ಒಳಗೆ ಪಿಂಟ್ಯಾ ಕಿರುಚಿತು. ಮೋಡದ ಹಿಂದೆ ಸೂರ್ಯ ಮುಳುಗಿಯೇಬಿಟ್ಟ ಎಂದು ಅವ್ವ ನಮ್ಮನ್ನು ಗಡಿಬಿಡಿಯಿಂದ ಉಣ್ಣಿಸಿ ಬಾಯಿ ತೊಳೆಸಿದಳು. ಬಾಯಿ ತೊಳೆದ ಮೇಲೆ ಬೆಳಗಿನವರೆಗೆ ಏನೂ ಇಲ್ಲ. ಕೈ ಒರೆಸಿಕೊಂಡು ಹೊರಗೆ ಬಂದರೆ ಅಂಗಳದ ತುಂಬ ಬಿಸಿಲು! ಆ ದಿನ ತಪ್ಪಿಹೋದ ಸಂಜೆಯ ಚಹಾದ ನೆನಪು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ನನ್ನ ಹೆಂಡತಿ ಸುನಂದಾಗೆ ತಲೆ ಕೆಟ್ಟಿತು. “ಇದನ್ನ ಪದ್ಮಾನ ಮನಿಗೇ ವಾಪಸ್ ಕೊಟ್ಟ ಬರ್ರಿ” ಎಂದಳು. ಸುಳ್ಳೇಕೆ, ಒಂದು ಕ್ಷಣ ನನಗೆ ಖುಷಿಯೇ ಆಯಿತು. ಕೊಲ್ಹಾಪುರದ ಬಸ್ಸು ಹತ್ತಲು ಇದಕ್ಕಿಂತ ಒಳ್ಳೆಯ ಕಾರಣ ಎಲ್ಲಿ ಸಿಕ್ಕೀತು? ಮರುಕ್ಷಣವೇ ಹೊಳೆಯಿತು: ಈ ಮರಿಯೂ ಹೋದರೆ ಮಗಳು ಕೈಯಾರೆ ತಂದಿಟ್ಟ ಗದ್ದಲವೂ ಹೋದಂತೆ. ಫೋನು ಹಚ್ಚಿ, “ಇದ್ಯಾಕ ಹೊತ್ತ ಮುಳಗೂದಕ್ಕ ಇಷ್ಟ ಒದರತೈತೆವಾ?” ಎಂದು ಕೇಳಿದೆ.

ಪದ್ಮಾ ನಕ್ಕಳು. “ಹೊತ್ತಿಗೂ ಅದಕ್ಕೂ ಏನೂ ಸಂಬಂಧ ಇಲ್ಲಪ್ಪಾ. ಇವು ಹಿಂಡಿನ್ಯಾಗ ಇರೂ ಹಕ್ಕಿ. ನೀವ್ ಎಲ್ಲಾರೂ ಒಮ್ಮೆಲೆ ಕಣ್ಣಿಗೆ ಕಾಣದಂಗ ಆದ್ರ, ಎಲ್ಲಿದ್ದೀರಿ ಅಂತ ಕೇಳತೈತಿ. ಒಳಗಿಂದ ಒಂದ್ಸಲ ಓ ಅನ್ರಿ, ಸುಮ್ಮನಾಗತೈತಿ. ಇದ್ದಾರ ಅಂತ ಗೊತ್ತಾದ್ರ ಸಾಕ ಅದಕ್ಕ.”

ಅವತ್ತು ಸಂಜೆ ಪಿಂಟ್ಯಾ ಕಿರುಚಿದಾಗ ಅಡುಗೆಮನೆಯಿಂದಲೇ ಓ ಎನ್ನೋಣವೆಂದರೆ ನನ್ನ ಬಾಯಲ್ಲಿ ಬಿಸಿ ಹೀರೇಕಾಯಿ. ಸುನಂದಾ ಹಿತ್ತಲಲ್ಲಿ. ಅವ್ವನದು ಮೌನದ ಊಟ. ತುತ್ತಿಟ್ಟ ಮೇಲೆ ಮಾತಾಡುವವಳಲ್ಲ. ಅವಳು ಒಮ್ಮೆ ಪಡಸಾಲೆಯ ಕಡೆ ನೋಡಿದಳು. ತನ್ನ ಶ್ರಾವಕ ಬರೀ ಒಂಟಿತನಕ್ಕೆ ಕೂಗುವ ಹಕ್ಕಿ ಎಂದು ನಾನು ಹೇಳಿದ್ದು ಅವಳಿಗೆ ಸೇರಿರಲಿಲ್ಲ. ಆದರೂ ಎಡಗೈಯಿಂದ ನೀರಿನ ತಂಬಿಗೆಯನ್ನು ನೆಲಕ್ಕೆ ಕುಟ್ಟಿದಳು. ಟಣ್! ಪಡಸಾಲೆ ಸುಮ್ಮನಾಯಿತು. ಅವ್ವ ಕಣ್ಣೊರೆಸಿಕೊಂಡು ಇನ್ನೊಂದು ರೊಟ್ಟಿ ಹಾಕಿಕೊಂಡಳು. ಪಿಂಟ್ಯಾನನ್ನು ವಾಪಸು ಕೊಡುವ ಮಾತು ಅಲ್ಲಿಗೇ ನಿಂತಿತು.

ಊಟವಾದ ಮೇಲೆ ಸುನಂದಾ ಪಂಜರಕ್ಕೆ ಹೊದಿಸಲು ತನ್ನ ಹಳೆಯ ಸೀರೆ ಹಿಡಿದು ಬಂದಳು. ನಾನು ಅಷ್ಟರಲ್ಲಿ ಫೋನು ಹಚ್ಚಿದ್ದೆ. “ಪದ್ಮಾ, ಅಲ್ಲಿ ಮಳಿ...” ಎನ್ನುವಷ್ಟರಲ್ಲಿ ಆ ಕಡೆ ಪಾತ್ರೆಗಳ ಸದ್ದು, ಯಾರೋ ಮರಾಠಿಯಲ್ಲಿ ಅವಳನ್ನು ಕರೆಯುವ ಸದ್ದು. ನನ್ನ ಮಗಳು ಮಳೆಯ ಸುದ್ದಿ ಹೇಳಲಿಲ್ಲ.

“ಇದ್ದೀನಪ್ಪಾ” ಎಂದಳು ಮೆಲ್ಲಗೆ. ಫೋನಿಟ್ಟಳು.

ನಾನು ಸುಮ್ಮನಾದೆ. ಎಂದಿನಂತೆ ಎರಡನೆಯ ಸಲ ಹಚ್ಚಬೇಕೆನಿಸಲಿಲ್ಲ. ಸುನಂದಾ ನನ್ನ ಮುಖ ನೋಡಿದಳು, ಪಿಂಟ್ಯಾನ ಮುಖ ನೋಡಿದಳು. ಪಂಜರದ ಮೇಲೆ ಸೀರೆ ಎಳೆದು, ನನ್ನ ತಲೆಯ ಮೇಲಿನ ದೀಪವನ್ನೂ ಆರಿಸಿದಳು.

“ಓ ಅಂದ್ಲಲ್ಲ? ಇನ್ನ ಇಬ್ಬರೂ ಮಲಕೋರಿ.”