ಹೊಸ್ತಿಲಿಗೆ ಕಲ್ಲಿನ ಬ್ಲೇಡು

ಸೋಮಾರಿಗೆ ದೆವ್ವದಷ್ಟು ಒಳ್ಳೆಯ ಗೆಳೆಯ ಇನ್ನೊಬ್ಬನಿಲ್ಲ. ಹಾಲು ಒಡೆದರೂ ಗೋಡೆ ಸೊಟ್ಟಗಾದರೂ ಅದರ ತಲೆಗೆ ಕಟ್ಟಬಹುದು. ಅದು ಎದುರು ಬಂದು ನಿಂತು ‘ನಾನಲ್ಲ’ ಎನ್ನುವುದಿಲ್ಲ. ನಾನು ಹೀಗೆ ನನ್ನ ತಪ್ಪನ್ನು ದೆವ್ವಕ್ಕೆ ಹೊರಿಸಿ, ಸ್ವಂತ ಅಕ್ಕನಿಗೆ ಮಧ್ಯಾಹ್ನದ ಊಟ ಸೇರದಂತೆ ಮಾಡಿದವನು.

ಓದಿದ್ದು ನಾಲ್ಕನೇ ಕ್ಲಾಸು. ಗಂಡಸಿ ಊರಿನ ಸುತ್ತಮುತ್ತ ಮನೆಗಳಿಗೆ ಟೈಲ್ಸ್ ಹಾಕುತ್ತೇನೆ. ಬಾಗಿಲು ಕಿಟಕಿಗಳನ್ನು ಕೇಳಿದರೆ ರಿಪೇರಿ ಮಾಡುತ್ತೇನೆ, ಕೇಳದಿದ್ದರೂ ಮಾಡುತ್ತೇನೆ. ನನ್ನ ಕಟ್ಟಿಂಗ್ ಮಷೀನಿಗೆ ಮರ ಕುಯ್ಯಲು ಮೊಸಳೆಯಂತೆ ದೊಡ್ಡ ಹಲ್ಲಿನ ಬ್ಲೇಡಿದೆ, ಪ್ಲೈವುಡ್ಡಿಗೆ ಇಲಿಯಂತೆ ಸಣ್ಣ ಹಲ್ಲಿನದು. ಕಲ್ಲು, ಟೈಲ್ಸಿಗೆ ಹಣ್ಣು ಮುದುಕಿಯಂತೆ ಹಲ್ಲೇ ಇಲ್ಲದ್ದು. ಕಬ್ಬಿಣ ಕುಯ್ಯುವ ಬಿಲ್ಲೆಯಂತೂ ಕುಯ್ಯುತ್ತಾ ಕುಯ್ಯುತ್ತಾ ತಾನೇ ಸವೆದುಹೋಗುತ್ತದೆ, ಮನೆಗೆ ಹಿರಿಮಗನಾಗಿ ಹುಟ್ಟಿದವನ ಹಾಗೆ. ಇಷ್ಟೆಲ್ಲ ಗೊತ್ತಿದ್ದರೂ, ಹಾಕಿದ ಬ್ಲೇಡನ್ನು ಬಿಚ್ಚಿ ಇನ್ನೊಂದು ಹಾಕುವುದೆಂದರೆ ನನಗೆ ಎಲ್ಲಿಲ್ಲದ ಬೇಸರ.

ಬಸ್ತಿಹಳ್ಳಿಯಲ್ಲಿರುವ ಅಕ್ಕ ಕರೆದಳು. “ಮಂಡಿ ಎತ್ತಕ್ಕಾಗಲ್ಲ ಕಣೋ, ಹೊಸ್ತಿಲು ಎಡವ್ತೀನಿ. ಚೂರು ತಗ್ಗಿಸ್ಕೊಡೋ.” ಹೊಸ್ತಿಲೆಂದರೆ ಲಕ್ಷ್ಮಿ ಎಂದು ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಕ್ಷಮೆ ಕೇಳಿ ನನಗೆ ಬಿಟ್ಟುಕೊಟ್ಟಳು. ಅದರ ನಡುವೆ ಒಂದು ದಪ್ಪ ಮೊಳೆ ಇತ್ತು. ಅಕ್ಕನ ಅತ್ತೆಯ ಕಾಲದಲ್ಲಿ, ಸತ್ತ ಯಾರೋ ಮತ್ತೆ ಒಳಗೆ ಬರದಿರಲೆಂದು ಮಂತ್ರಿಸಿ ಹೊಡೆಸಿದ್ದಂತೆ. ಯಾರು ಎಂದು ಆ ಮನೆಯಲ್ಲಿ ಯಾರೂ ಹೇಳುವುದಿಲ್ಲ.

ಮಷೀನಿನಲ್ಲಿ ಇದ್ದದ್ದು ಕಲ್ಲಿನ ಬ್ಲೇಡು. ‘ಕಲ್ಲನ್ನೇ ಕುಯ್ಯುವುದು ಮರವನ್ನು ಬಿಟ್ಟೀತೇ’ ಎಂದು ಅದನ್ನೇ ಇಟ್ಟೆ. ಮರ ಕುಯ್ಯಲಿಲ್ಲ, ಸುಟ್ಟಿತು. ಕಪ್ಪು ಹೊಗೆ ಎದ್ದು, ಹೊರಗೆ ಹೋಗದೆ, ಬಗ್ಗಿ ಮನೆಯೊಳಕ್ಕೆ ನುಗ್ಗಿತು. ಆಮೇಲೆ ಕಿಡಿ ಹಾರಿ ಮೊಳೆ ಕಿತ್ತುಬಂತು. ಸಿಟ್ಟಿಗೆ ಉಳಿ, ಸುತ್ತಿಗೆ ಹಿಡಿದು ಬಡಿದೆ. ಹೊಸ್ತಿಲು ತಗ್ಗಿತು, ಜೊತೆಗೆ ಚೌಕಟ್ಟೂ ವಾಲಿತು. ಬಸದಿಯ ಕಂಬಗಳನ್ನು ಕನ್ನಡಿಯಂತೆ ಉಜ್ಜಿ ನಿಲ್ಲಿಸಿದ ಊರಿನಲ್ಲಿ ನಾನು ಮಾಡಿದ ಕೆಲಸ ಇದು.

“ಏನೋ, ಹಾಕಿದ್ ಬಾಗ್ಲು ತಾನೇ ತೆರ್ಕೊತೈತೆ?” ಎಂದಳು ಅಕ್ಕ.

“ಮೊಳೆ ಹೋಯ್ತಲ್ಲಕ್ಕಾ, ಅದಕ್ಕೆ. ನಂದೇನೈತೆ?” ಎಂದು ಮಷೀನು ಕಟ್ಟಿಕೊಂಡು ಬಂದುಬಿಟ್ಟೆ.

ಕೆಲವು ದಿನಗಳಲ್ಲಿ ಭಾವನ ಫೋನು. ಅವರು ಕೊಬ್ಬರಿ ವ್ಯಾಪಾರಕ್ಕೆ ಅರಸೀಕೆರೆಗೆ ಹೋದರೆ ಬರುವುದು ಸಂಜೆಗೆ. “ಮಟಮಟ ಮಧ್ಯಾಹ್ನ ಬಾಗ್ಲು ತೆರ್ಕೊತದಂತೆ ಕಣಯ್ಯ. ನಿಮ್ಮಕ್ಕ ತುತ್ತು ಬಿಟ್ಟೆದ್ದು ಪಕ್ಕದ್ಮನೆ ಜಗಲಿ ಮೇಲೆ ಕೂತಿರ್ತಾಳೆ. ಅರ್ಧ ಇಳ್ದೋಗವಳೆ. ಮನೆ ಮಾರಾಣ ಅಂತಾಳೆ.”

ಆ ರಾತ್ರಿ ನನಗೂ ಅನ್ನ ಇಳಿಯಲಿಲ್ಲ. ಬೆಳಿಗ್ಗೆಯೇ ಹೋಗಿ ಎಲ್ಲ ಹೇಳಿಬಿಟ್ಟೆ: ದೆವ್ವವಿಲ್ಲ, ಭೂತವಿಲ್ಲ, ತಪ್ಪು ಬ್ಲೇಡು, ವಾಲಿದ ಚೌಕಟ್ಟು, ಅಷ್ಟೇ.

“ನಿನ್ ಮನೆ ಹಾಳಾಗ! ನಿನ್ ಸೋಮಾರಿತನಕ್ಕೆ ನಾನು ಉಪವಾಸ ಬಿದ್ನಲ್ಲೋ!” ಎಂದು ಬೆನ್ನಿಗೆರಡು ಗುದ್ದಿ, ನಗುತ್ತಾ ಮುದ್ದೆಗೆ ಎಸರಿಟ್ಟಳು. ನಾನು ಮರದ ಬ್ಲೇಡು ಹಾಕಿ, ಬೇರೆ ಹೊಸ್ತಿಲು ಕುಯ್ದು, ಚೌಕಟ್ಟು ನೆಟ್ಟಗೆ ನಿಲ್ಲಿಸಿದೆ. ಮಟ್ಟ ನೋಡಲು ಇಟ್ಟ ರಸಮಟ್ಟದ ಗುಳ್ಳೆ ಅಲುಗಾಡದೆ ನಟ್ಟನಡುವೆ ನಿಂತಿತು. ಹೊಸ ಚಿಲಕ ಬಿಗಿದೆ. ಹುಟ್ಟಿದಾಗಿನಿಂದ ನಾನು ಅಂಥ ಅಚ್ಚುಕಟ್ಟು ಕೆಲಸ ಮಾಡಿರಲಿಲ್ಲ.

ಮಧ್ಯಾಹ್ನ ಚಿಲಕ ಹಾಕಿ ಇಬ್ಬರೂ ಉಂಡೆವು. ಹಿತ್ತಲಲ್ಲಿ ಒಣಹಾಕಿದ ಸೀರೆ ಅಲುಗುತ್ತಿರಲಿಲ್ಲ. ಕೋಳಿಗಳೂ ಸುಮ್ಮನಾದವು. ನಾನು ನೋಡುತ್ತಿದ್ದಂತೆಯೇ ಚಿಲಕ ಸರಿಯಿತು, ಮನೆಯವರೇ ತೆಗೆದಷ್ಟು ಮೆಲ್ಲಗೆ. ಬಾಗಿಲು ತೆರೆದು, ಒಬ್ಬರು ಒಳಗೆ ಬರುವಷ್ಟು ಹೊತ್ತು ಹಾಗೇ ನಿಂತು, ಮತ್ತೆ ಮುಚ್ಚಿಕೊಂಡಿತು.

ಅಕ್ಕ ತಲೆಯೆತ್ತದೆ ಸಾರು ಬಡಿಸಿಕೊಂಡಳು. “ಇವತ್ತೂ ಸರಿಯಾಗ್ಲಿಲ್ವೇನೋ? ನಿನ್ ಕೈಗುಣ ಗೊತ್ತೈತೆ ಬಿಡು. ಇನ್ನರ್ಧ ಮುದ್ದೆ ಹಾಕ್ಲಾ?”

“ಹೂಂ ಕಣಕ್ಕಾ, ಇನ್ನೂ ಚೂರು ವಾಲೈತೆ” ಎಂದು ತಟ್ಟೆ ಮುಂದೆ ಸರಿಸಿದೆ. ಕೆಲಸ ಸರಿಯಾಗಿದೆ ಎಂದರೆ ಅವಳು ಮತ್ತೆ ಪಕ್ಕದ ಮನೆಯ ಜಗಲಿಗೆ ಹೋಗುತ್ತಾಳೆ. ಮೊದಲು ಹೆಸರು ಉಳಿಸಿಕೊಳ್ಳಲು ಸುಳ್ಳು ಹೇಳಿದವನು, ಈಗ ಹೆಸರು ಕೆಡಿಸಿಕೊಳ್ಳಲು ಹೇಳುತ್ತಿದ್ದೇನೆ. ಹಳೇಬೀಡಿನ ತನಕ ಅಕ್ಕ ನನ್ನ ಬಾಗಿಲಿನ ಕಥೆ ಹೇಳಿ ನಗಿಸುತ್ತಾಳೆ. ಆ ಕಡೆ ನನಗೆ ಕೆಲಸ ಸಿಗುವುದಿಲ್ಲ. ಅವಳು ಮಾತ್ರ ಮೈಕೈ ತುಂಬಿಕೊಂಡಿದ್ದಾಳೆ. ಹಬ್ಬಕ್ಕೆ ಕರೆದಾಗ ಹೋಗಿ, ಬಾಗಿಲಿಗೆ ಎದುರಾಗಿ ಕೂತು ಉಣ್ಣುತ್ತೇನೆ, ಪಕ್ಕದಲ್ಲಿ ಒಂದಿಷ್ಟು ಜಾಗ ಬಿಟ್ಟು. ಬಂದವರಿಗೂ ಕೂರಲು ಜಾಗ ಬೇಕಲ್ಲ.