ಈ ದಸರಾಕ್ಕೆ ನಾವು ಊರಲ್ಲಿಲ್ಲ

ಮೈಸೂರಿನ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಿಸುವುದು ನನ್ನ ಕೆಲಸವಾಗಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ವಾಪಸ್. ಇಷ್ಟು ಕಟ್ಟುನಿಟ್ಟಾಗಿ ಬದುಕುವವನ ಪಾಲಿಗೇ ಎಡವಟ್ಟುಗಳು ಯಾಕೆ ಸಾಲುಗಟ್ಟಿ ಬರುತ್ತವೋ ನನಗಿನ್ನೂ ತಿಳಿದಿಲ್ಲ. ತಪ್ಪು ನನ್ನದಲ್ಲ ಎಂಬುದು ಮಾತ್ರ ಗೊತ್ತು.

೧. ಬೀಗ

ರಾಮಕೃಷ್ಣನಗರದಲ್ಲಿ ಮನೆ ಇರುವವರಿಗೆ ದಸರಾ ಎಂದರೆ ಏನೆಂದು ಹೊರಗಿನವರಿಗೆ ಗೊತ್ತಾಗುವುದಿಲ್ಲ. ಹತ್ತು ದಿನ, ಹದಿನೈದು ನೆಂಟರು, ಒಂದೇ ಬಚ್ಚಲುಮನೆ. ಮದುವೆಯಾಗಿ ಹದಿನಾರು ವರ್ಷವಾದರೂ ನನ್ನ ಹೆಂಡತಿ ಒಂದು ಸಲವೂ ಜಂಬೂ ಸವಾರಿ ನೋಡಿರಲಿಲ್ಲ. ಅಂಬಾರಿ ಹೊತ್ತ ಆನೆ ಅರಮನೆ ಬಿಡುವ ಹೊತ್ತಿಗೆ ಅವಳು ನಮ್ಮ ಅಡುಗೆಮನೆಯಲ್ಲಿ ಪೂರಿ ಕರಿಯುತ್ತಿರುತ್ತಿದ್ದಳು.

ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಒಂದು ದಿನ ಸೌಟು ಕೆಳಗಿಟ್ಟು ಹೇಳಿದಳು: "ಈ ಸಲ ದಸರಾದಲ್ಲಿ ನಾನು ಒಲೆ ಹಚ್ಚಲ್ಲ ಕಣ್ರೀ. ಏನಾದ್ರೂ ಮಾಡ್ಕೊಳ್ಳಿ."

ನ್ಯಾಯವಾದ ಮಾತು. ಅಂಡಮಾನಿಗೆ ಹಡಗಿನ ಟಿಕೆಟ್ ತೆಗೆಸಿದೆ. ಆ ವಾರವೇ ದಾವಣಗೆರೆಯಿಂದ ನನ್ನ ಷಡ್ಡಕರ ಫೋನು.

"ಊರಲ್ಲಿರಲ್ವಾ? ದಸರಾದಲ್ಲಿ ಮೈಸೂರೋರೇ ಮೈಸೂರು ಬಿಟ್ಟು ಹೋಗೋದುಂಟೇನ್ರೀ?"

"ಹೋಗ್ತೀವಿ."

"ಪರ್ವಾಗಿಲ್ಲ, ನಾವು ಹೆಂಗೋ ಇದ್ಕೋತೀವಿ. ಬೀಗದ ಕೈ ಎಲ್ಲಿಟ್ಟಿರ್ತೀರಾ?"

"ಅಂಡಮಾನಲ್ಲಿ" ಎಂದು ಫೋನಿಟ್ಟೆ.

೨. ಹತ್ತೂ ನಲವತ್ತಾರು

ಪ್ರವಾಸವೆಂದರೆ ಅಲೆದಾಟವಲ್ಲ. ನಾನು ವೇಳಾಪಟ್ಟಿಯನ್ನು ಟೈಪ್ ಮಾಡಿಸಿ, ಕಾರ್ಬನ್ ಪ್ರತಿಗಳನ್ನು ಹೆಂಡತಿಗೂ ಮಗಳಿಗೂ ಕೊಟ್ಟಿದ್ದೆ. ಹಡಗಿನಲ್ಲಿ ಮೂರು ದಿನ ವ್ಯರ್ಥವಾಗಬಾರದೆಂದು ಎಂಟನೇ ತರಗತಿಯ ಮಗಳಿಗೆ ಭೂಗೋಳ ಕೇಳುತ್ತಿದ್ದೆ.

"ದ್ವೀಪ ಎಂದರೇನು?"

"ನಾಲ್ಕೂ ಕಡೆ ನೀರಿನಿಂದ ಆವೃತವಾದ ಭೂಭಾಗ. ಅಪ್ಪಾ, ಇದು ಏಳನೇ ಸಲ."

ಹೆಂಡತಿ ಡೆಕ್ಕಿನ ಮೇಲೆ ಕಾಲು ಚಾಚಿಕೊಂಡು ತನ್ನ ಪ್ರತಿಯನ್ನು ಓದುತ್ತಿದ್ದಳು. "ಏನ್ರೀ, ಹತ್ತರಿಂದ ಹತ್ತೂ ಮುಕ್ಕಾಲು ವಿಶ್ರಾಂತಿ ಅಂತ ಹಾಕಿದೀರಾ. ಹತ್ತೂ ನಲವತ್ತಾರಕ್ಕೆ ನಾನು ಏಳದೇ ಇದ್ರೆ?"

"ಮುಂದಿನ ಕಾರ್ಯಕ್ರಮ ತಪ್ಪುತ್ತೆ."

"ತಪ್ಪಲಿ" ಎಂದಳು. ಆಮೇಲೆ ನೋಡಿದರೆ ವೇಳಾಪಟ್ಟಿಯ ಎರಡನೇ ದಿನದ ಮೇಲೆ ಚಕ್ಕುಲಿ ಕೂತಿತ್ತು.

೩. ಸೂರ್ಯನ ತಪ್ಪು

ನಾವಿಳಿದದ್ದು ಒಂದು ಸಣ್ಣ ದ್ವೀಪಕ್ಕೆ ಹತ್ತಿರದ ಪಟ್ಟಣದಲ್ಲಿ. ಮೊದಲ ದಿನದ ಮೊದಲ ಕಾರ್ಯಕ್ರಮ: ಆರೂ ಹತ್ತಕ್ಕೆ ಸೂರ್ಯೋದಯ ವೀಕ್ಷಣೆ. ನಿದ್ದೆಗಣ್ಣಿನ ಇಬ್ಬರನ್ನೂ ಎಳೆದುಕೊಂಡು, ಕ್ಯಾಮೆರಾ ಹಿಡಿದು, ಆರೂ ಐದಕ್ಕೆ ಕಡಲ ದಂಡೆ ಸೇರಿದೆ. ಬಿಸಿಲು ಆಗಲೇ ಬೆನ್ನು ಸುಡುತ್ತಿತ್ತು. ಎಳನೀರು ಕೊಚ್ಚುತ್ತಿದ್ದ ತಮಿಳಿನವನೊಬ್ಬ ನಮ್ಮನ್ನು ವಿಚಿತ್ರವಾಗಿ ನೋಡಿದ. ಅವನ ತಮಿಳು, ನನ್ನ ಕನ್ನಡ, ಹೇಗೋ ಮಾತು ನಡೆಯಿತು.

"ಸೂರ್ಯೋದಯ ನೋಡಕ್ಕೆ ಬಂದಿದೀವಿ."

"ಇವತ್ತಿನದಾ ಸಾರ್, ನಾಳೆದಾ?"

ಅಲ್ಲಿ ಅಷ್ಟು ಪೂರ್ವಕ್ಕೆ ಹೋದರೆ ಸೂರ್ಯ ಒಂದು ಗಂಟೆ ಮುಂಚೆಯೇ ಹುಟ್ಟುತ್ತಾನಂತೆ. ನಾನು ವೇಳಾಪಟ್ಟಿ ಮಾಡಿದ್ದು ನಮ್ಮನೆ ತಾರಸಿಯ ಸೂರ್ಯನನ್ನು ನೋಡಿ. ಗಡಿಯಾರವನ್ನು ರೇಡಿಯೋಗೆ ಸರಿಹೊಂದಿಸಿ ಖಚಿತಪಡಿಸಿಕೊಂಡೆ. ಗಡಿಯಾರ ಸರಿಯಾಗಿತ್ತು. ಮುಂದೆ ಓಡುತ್ತಿದ್ದವನು ಸೂರ್ಯ. ಹೆಂಡತಿ ಮಾತ್ರ ಮಗಳಿಗೆ ಹೇಳಿದಳು: "ಪಾಪ, ಸೂರ್ಯಂಗೆ ಕಾರ್ಬನ್ ಪ್ರತಿ ಸಿಕ್ಕಿಲ್ಲ ಕಣೇ."

೪. ಕೊನೆಯ ಬೋಟು

ಮರುದಿನ ಬೋಟು ಹತ್ತಿ ಆ ಸಣ್ಣ ದ್ವೀಪಕ್ಕೆ ಹೋದೆವು. ಅಡಿಕೆ, ತೆಂಗು, ಕಾಡುಬಳ್ಳಿ, ಎಲ್ಲಿ ನೋಡಿದರೂ ಹಸಿರು. ವಾಪಸಿನ ಕೊನೆಯ ಬೋಟು ಕತ್ತಲಾಗುವ ಮುಂಚೆ ಹೊರಡುತ್ತದೆ ಎಂದಿದ್ದರು. ಕತ್ತಲು ಎಂದರೆ ಆರೂವರೆ. ಲೆಕ್ಕ ಹಾಕಿ ಆರಕ್ಕೆ ಸರಿಯಾಗಿ ಜೆಟ್ಟಿಗೆ ಬಂದೆ. ಕಡಲೂ ಆಕಾಶವೂ ಒಂದೇ ಕಪ್ಪು. ಬೋಟು ನಾಲ್ಕೂವರೆಗೇ ಹೋಗಿತ್ತು.

ಅಲ್ಲಿ ಸಿಕ್ಕವನು ಅದೇ ಎಳನೀರಿನವನು. ಅವನ ಮನೆ ಇದ್ದದ್ದು ಆ ದ್ವೀಪದಲ್ಲಿ. ಏನೂ ಕೇಳದೆ ಕರೆದುಕೊಂಡು ಹೋದ. ನಾವು ಮೀನು ತಿನ್ನುವುದಿಲ್ಲ ಎಂದಾಗ ಅವನ ಹೆಂಡತಿ ಮಾಡಿದ್ದ ಅಡುಗೆ ಪಕ್ಕಕ್ಕಿಟ್ಟು, ಹೊಸದಾಗಿ ತಿಳಿಸಾರು, ಆಲೂಗಡ್ಡೆ ಪಲ್ಯ ಮಾಡಿ ಎಲೆ ಹಾಕಿದಳು. ನನ್ನವಳು ಅಭ್ಯಾಸಬಲದಿಂದ ಬಡಿಸಲು ಎದ್ದಳು. ಆಕೆ ಭುಜ ಒತ್ತಿ ಕೂರಿಸಿದಳು.

"ಹದಿನಾರು ವರ್ಷಕ್ಕೆ ಮೊದಲನೇ ಸಲ ದಸರಾದಲ್ಲಿ ಕೂತು ಉಣ್ತಿದೀನಿ" ಎಂದಳು ನನ್ನವಳು. ನಾನು ಸಾರಿನಲ್ಲಿ ಉಪ್ಪು ಕಡಿಮೆ ಎಂದು ಹೇಳಬೇಕೆಂದಿದ್ದೆ, ಹೇಳಲಿಲ್ಲ.

ಬೆಳಗ್ಗೆ ಹೊರಡೋಣವೆಂದರೆ ಅವಳು ತೆಂಗಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡಿದ್ದಳು. "ಬೋಟು ನೀವು ಹತ್ತಿ. ನಾನು ಬರಲ್ಲ." ಮೂರು ದಿನ ಆ ಕುರ್ಚಿ ಬಿಟ್ಟು ಏಳಲಿಲ್ಲ.

ಹೊರಡುವಾಗ ಉಪಕಾರಕ್ಕೆ ಪ್ರತ್ಯುಪಕಾರ ಮಾಡುವುದು ಸಭ್ಯತೆ. "ಮುಂದಿನ ದಸರಾಕ್ಕೆ ನೀವೆಲ್ಲ ನಮ್ಮ ಮನೆಗೆ ಬರಲೇಬೇಕು" ಎಂದು ವಿಳಾಸ ಬರೆದುಕೊಟ್ಟೆ. ಹೆಂಡತಿ ಹಿಂದಿನಿಂದ ಚಿವುಟಿದ ಗುರುತು ಹಡಗು ಇಳಿಯುವವರೆಗೂ ಇತ್ತು.

೫. ಭೂಗೋಳ

ಮುಂದಿನ ದಸರಾದ ಮೊದಲ ದಿನ ಗೇಟಿನ ಸದ್ದಾಯಿತು. ಎಳನೀರಿನವನು, ಅವನ ಹೆಂಡತಿ, ಮಕ್ಕಳು, ಅತ್ತೆ, ಭಾವಮೈದ, ಒಟ್ಟು ಏಳು ಜನ. ನನ್ನನ್ನು ನೋಡಿ ಕಲಿತಿದ್ದ. ಜೇಬಿನಿಂದ ವೇಳಾಪಟ್ಟಿ ತೆಗೆದ. ಮರುದಿನ ಐದೂ ಹತ್ತಕ್ಕೆ ಬೆಟ್ಟದ ಮೇಲೆ ಸೂರ್ಯೋದಯ! ಹೇಳಿದರೂ ಕೇಳಲಿಲ್ಲ. ಬೆಟ್ಟದ ಚಳಿಯಲ್ಲಿ, ಗಾಢ ಕತ್ತಲಲ್ಲಿ, ಎಂಟು ಜನ ಒಂದು ಗಂಟೆ ಹಲ್ಲು ಕಟಕಟಿಸುತ್ತಾ ನಿಂತೆವು. "ನಿಮ್ಮ ಸೂರ್ಯ ಸೋಮಾರಿ ಸಾರ್" ಎಂದ. ಮೈಸೂರಿನ ಸೂರ್ಯನ ಬಗ್ಗೆ ಯಾರಿಂದಲೂ ಅಂಥ ಮಾತು ಕೇಳಿಸಿಕೊಂಡವನಲ್ಲ ನಾನು.

ಎಲ್ಲರಿಗೂ ಹಸಿವು. ಮನೆಗೆ ಬಂದರೆ ಅಂಗಳದ ನಡುವೆ ಕುರ್ಚಿ. ಅದರಲ್ಲಿ ನನ್ನ ಹೆಂಡತಿ, ಕಾಲು ಚಾಚಿ, ಅಂಡಮಾನಿನಲ್ಲಿ ಕೊಂಡ ಹುಲ್ಲಿನ ಟೋಪಿ ಹಾಕಿಕೊಂಡು. ಬೆಳಗ್ಗೆ ಬಾಗಿಲಿಗೆ ಚಿಮುಕಿಸುವ ನೀರನ್ನು ಕುರ್ಚಿಯ ಸುತ್ತ ಗುಂಡಗೆ ಸುರಿದಿದ್ದಳು. ಒಲೆ ತಣ್ಣಗಿತ್ತು.

"ತಿಂಡಿ?" ಎಂದೆ.

"ಕರೆದೋರು ಯಾರು?"

"ನಾನೇ. ಆದರೆ..."

"ರವೆ ಮೇಲಿನ ಡಬ್ಬಿಲಿದೆ."

"ಸ್ವಲ್ಪ ಬಂದು ತೋರಿಸಬಾರದಾ?"

ಅವಳು ನೀರಿನ ಗೆರೆಯನ್ನು ಬೆರಳಲ್ಲಿ ತೋರಿಸಿದಳು. "ಹಡಗಲ್ಲಿ ಮಗಳನ್ನ ಏಳು ಸಲ ಕೇಳಿದೋರು ನೀವು. ನಾಲ್ಕೂ ಕಡೆ ನೀರಿದ್ರೆ ಅದಕ್ಕೇನಂತಾರೆ?"

ವ್ಯಾಖ್ಯೆ ಸರಿಯಾಗಿಯೇ ಇತ್ತು. ಪರೀಕ್ಷಿಸಿದೆ, ಎಲ್ಲೂ ಕೂದಲೆಳೆ ವ್ಯತ್ಯಾಸವಿರಲಿಲ್ಲ. "ದ್ವೀಪ" ಎಂದೆ.

"ಹಾಂ. ಅಲ್ಲಿಂದ ಈಚೆ ಬರಕ್ಕೆ ಬೋಟು ಬೇಕು ಕಣ್ರೀ" ಎಂದು ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. "ಕೊನೇ ಬೋಟು ನಾಲ್ಕೂವರೆಗೇ ಹೋಯ್ತು."