ಹತ್ತು ಗಂಟೆಯ ಔಷಧಿ

ಅಜ್ಜ ಕೈ ಬೀಸದೇ ಇದ್ದಿದ್ದರೆ ಏನೂ ಆಗುತ್ತಿರಲಿಲ್ಲ.

ಕಿಟಕಿ ಪಕ್ಕದ ಮಂಚದ ಆ ಅಜ್ಜ ನಿವೃತ್ತ ಸ್ಟೇಷನ್ ಮಾಸ್ಟರು. ಕಾಲಿನ ಗಾಯ ನಂಜೇರಿ, ಜ್ವರ ಬಂದು ಮಲಗಿದ್ದರು. ಹತ್ತು ಗಂಟೆಯ ಆಂಟಿಬಯೋಟಿಕ್ ಏರಿಸುವ ಹೊತ್ತಿಗೇ, ರೈಲಿಗೆ ಹಸಿರು ಬಾವುಟ ಹೇಗೆ ಬೀಸುತ್ತಿದ್ದೆ ಎಂದು ಪಕ್ಕದ ಮಂಚದ ದರ್ಜಿಗೆ ಅಭಿನಯಿಸಿ ತೋರಿಸಿದರು. ಡ್ರಿಪ್ಪಿನ ಸೂಜಿ ಕಿತ್ತು ಬಂತು.

ಹೊಸ ಸಿಸ್ಟರಿಗೆ ಜೀವ ಬಾಯಿಗೆ ಬಂತು. ಅವಳನ್ನು ಕಾಯಂ ಮಾಡುವುದೋ ಬೇಡವೋ ಎಂದು ಹೆಡ್ ಸಿಸ್ಟರು ಅಂದೇ ಹೇಳುವವರಿದ್ದರು. ಅವರೆಂದರೆ ಅವಳಿಗೆ ಭಯಕ್ಕಿಂತ ಬೆರಗು ಹೆಚ್ಚು. ಅವರು ವಾರ್ಡಿಗೆ ಕಾಲಿಟ್ಟರೆ ಕೆಮ್ಮುವವರು ಕೆಮ್ಮನ್ನು ಅರ್ಧಕ್ಕೇ ನುಂಗುತ್ತಿದ್ದರು. ಮುದುರಿದ ಹೊದಿಕೆಗಳು ತಾವಾಗಿಯೇ ನೆಟ್ಟಗಾಗುತ್ತವೆ ಎಂದೂ ಅವಳಿಗೆ ಒಂದೆರಡು ಸಲ ಅನ್ನಿಸಿತ್ತು.

ಬೇರೆ ನರ ಹುಡುಕಿದಳು. ಅಜ್ಜನ ನರಗಳು ಪರೀಕ್ಷೆಯ ದಿನದ ಉತ್ತರಗಳಂತೆ, ಸಿಕ್ಕಿತು ಅನ್ನುವಷ್ಟರಲ್ಲಿ ಜಾರುತ್ತಿದ್ದವು. ಸುತ್ತ ಸಲಹೆಗಾರರು ನೆರೆದರು. ದಾರ ಪೋಣಿಸುವಾಗ ಉಸಿರು ಬಿಗಿಹಿಡಿಯಬೇಕು ಎಂದ ದರ್ಜಿ. ಎದುರು ಮಂಚದ ರೋಗಿಯ ಅತ್ತೆ, ಆ ಕೈ ಬಿಟ್ಟು ಈ ಕೈ ನೋಡೆಂದಳು. ಈ ಕೈಯೂ ಊದಿತ್ತು. ಕೊನೆಗೆ ಕೆಳಗಿನ ವಾರ್ಡಿನ ಗೆಳತಿ ಪುರುಸೊತ್ತು ಮಾಡಿಕೊಂಡು ಬಂದು, ಹರಟೆ ಹೊಡೆಯುತ್ತಲೇ ಸೂಜಿ ಕೂರಿಸಿ ಹೋದಳು. ಅಷ್ಟರಲ್ಲಿ ಮಧ್ಯಾಹ್ನದ ಊಟದ ಗಾಡಿ ಬಂದಾಗಿತ್ತು.

ಸದ್ದಿಲ್ಲದೆ ಔಷಧಿ ಏರಿಸಿ, ಹತ್ತಕ್ಕೇ ಕೊಟ್ಟೆ ಎಂದು ಬರೆದುಬಿಡಬಹುದಿತ್ತು. ಆದರೆ ಆಗ ಮುಂದಿನ ಡೋಸು ಇದರ ಬೆನ್ನಿಗೇ ಬಂದು ಬೀಳುತ್ತಿತ್ತು. ಇಷ್ಟು ತಡವಾದರೆ ಮೊದಲು ಒಪ್ಪಿಕೊಳ್ಳಬೇಕು, ಮುಂದಿನದು ಯಾವಾಗ ಎಂದು ಡಾಕ್ಟರನ್ನು ಕೇಳಬೇಕು.

"ಹೆಡ್ ಸಿಸ್ಟರಿಗೆ ಹೇಳಿ ಬರ್ತೀನಿ ಅಜ್ಜ. ಕೆಲಸ ಉಳಿದ್ರೆ ಉಳೀತು," ಎಂದು ಹೊರಟಳು. ಅಜ್ಜನ ಮುಖ ಚಿಕ್ಕದಾಯಿತು.

ಹೆಡ್ ಸಿಸ್ಟರು ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ. ಹೇಳಿದ್ದು ಒಳ್ಳೆಯದಾಯಿತು, ರೋಗಿಯನ್ನು ನೋಡಿಕೊಂಡು ಡಾಕ್ಟರಿಗೆ ಫೋನ್ ಮಾಡೋಣ ಎಂದು ಎದ್ದರು. ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

"ಬೆಳಗಿನ ಔಷಧಿ ಹೋಗಿಲ್ವಂತಲ್ಲ?" ಎಂದು ಹೆಡ್ ಸಿಸ್ಟರು ಅಜ್ಜನ ಮಂಚದ ಬಳಿ ನಿಂತು ಕೇಳಿದರು.

"ಯಾರು ಹೇಳಿದ್ದು?" ಅಜ್ಜ ದಿಂಬಿಗೊರಗಿ ನೆಟ್ಟಗೆ ಕೂತರು. "ಸರಿಯಾಗಿ ಹತ್ತಕ್ಕೆ ಹಾಕಿದ್ಲು ಈ ಮಗಳು. ನಾನೇ ಗಡಿಯಾರ ನೋಡಿದೀನಿ."

ಸಿಸ್ಟರ್ ಬಾಯಿ ತೆರೆಯುವಷ್ಟರಲ್ಲಿ ದರ್ಜಿ ಸಾಕ್ಷಿ ನುಡಿದ. ಹನಿ ಹನಿಯಾಗಿ ಇಳಿದದ್ದನ್ನು ಅವನು ಎಣಿಸಿದ್ದನಂತೆ. ಖಾಲಿ ಬಾಟಲಿಯನ್ನು ಕೈಯಾರೆ ಬುಟ್ಟಿಗೆ ಹಾಕಿದೆ ಎಂದಳು ಅತ್ತೆ. ಬುಟ್ಟಿಯನ್ನು ಆಗಲೇ ಖಾಲಿ ಮಾಡಿದ್ದರು. ಮೂಲೆಯ ಮಂಚದವನು ಬೆಳಗಿನಿಂದ ನಿದ್ದೆಯಲ್ಲಿದ್ದವನು, ಅವನೂ ನೋಡಿದ್ದನಂತೆ. ತಾನು ಕೊಡದ ಔಷಧಿಯನ್ನು ತಾನೆಷ್ಟು ನಾಜೂಕಾಗಿ ಕೊಟ್ಟೆನೆಂದು ಕೇಳುತ್ತಾ ಸಿಸ್ಟರ್ ಬೆರಗಾಗಿ ನಿಂತಳು. ಒಂದು ಕ್ಷಣ ಅವಳಿಗೇ ನಂಬಿಕೆ ಬಂದುಬಿಟ್ಟಿತ್ತು.

"ಅಜ್ಜ, ದಮ್ಮಯ್ಯ, ನಿಜ ಹೇಳಿ."

"ಸುಳ್ಳು ಹೇಳೋ ವಯಸ್ಸಾ ಮಗಳೇ ನಂದು?" ಅಜ್ಜ ಕಣ್ಣು ಮಿಟುಕಿಸಿದರು.

ಹೆಡ್ ಸಿಸ್ಟರು ಅವಳತ್ತ ತಿರುಗಿ ದನಿ ತಗ್ಗಿಸಿದರು. ಕೊಟ್ಟಿದ್ದರೆ ಮತ್ತೊಮ್ಮೆ ಕೊಡುವಂತಿಲ್ಲ. ಕೊಟ್ಟದ್ದೇ ನೆನಪಿಲ್ಲದವಳನ್ನು ಕಾಯಂ ಮಾಡುವಂತಿಲ್ಲ. ಫಾರ್ಮಸಿಯವರು ಬಂದು ಬಾಟಲಿಗಳನ್ನು ಎಣಿಸುವ ತನಕ ಒಂದು ಹನಿಯೂ ಹೋಗಕೂಡದು ಎಂದು ಹೇಳಿ ಹೊರಟರು.

ಅಜ್ಜ ಅವಳ ಕಿವಿಯ ಹತ್ತಿರಕ್ಕೆ ಬಾಗಿ ಪಿಸುಗುಟ್ಟಿದರು. "ನಿನ್ ಕೆಲಸ ಉಳಿಸಿದೆ ನೋಡು. ಈಗ ಬೇಗ ಆ ಔಷಧಿ ಹಾಕಮ್ಮ, ಚಳಿ ಹತ್ತುತಾ ಇದೆ."

ಅವಳು ಬಾಗಿಲಿಗೆ ಓಡಿದಳು. "ಮೇಡಂ, ಔಷಧಿ ಹೋಗಿಲ್ಲ ಅಂತ ಅಜ್ಜನೇ ಈಗ ಹೇಳಿದ್ರು, ನನ್ನ ಕಿವೀಲಿ."

ಹೆಡ್ ಸಿಸ್ಟರು ಅವಳ ಹಣೆ ಮುಟ್ಟಿ ನೋಡಿದರು.

"ನಿನ್ನ ಕಿವೀಲಿ ಒಬ್ಬರು ಹೇಳಿದಾರೆ. ನನ್ನ ಮುಖಕ್ಕೆ ಇಡೀ ವಾರ್ಡೇ ಹೇಳಿದೆ."